ನಮ್ಮೂರ ಅಳಿಯನ ತೆರಿಗೆ, ನಮ್ಮ ಶಾಸಕರ ಅಫಿಡವಿಟ್ಟು

2022ರ ಅಕ್ಟೋಬರ್ 25ರಂದು ರಿಷಿ ಸುನಕ್ ಬ್ರಿಟನ್ ಪ್ರಧಾನಿ ಆದರು. ನಮ್ಮ ಟಿವಿಗಳಿಗೆ ಅವತ್ತು ಅವರು ‘ಕರ್ನಾಟಕದ ಅಳಿಯ’. ಶಿಡ್ಲಘಟ್ಟದವರು ನಾವು ಅಷ್ಟಕ್ಕೇ ಬಿಡುತ್ತೇವಾ? ಮಾವ ನಾರಾಯಣಮೂರ್ತಿ 1946ರಲ್ಲಿ ಹುಟ್ಟಿದ್ದು ಇಲ್ಲೇ, ಆಗ ಇದು ಕೋಲಾರ ಜಿಲ್ಲೆ. ಹಾಗಾಗಿ ಸುನಕ್ ನೇರವಾಗಿ ನಮ್ಮೂರ ಅಳಿಯ. ರೇಷ್ಮೆ ಗೂಡು ಮಾರುಕಟ್ಟೆ ಹತ್ತಿರದ ಟೀ ಅಂಗಡಿಯಲ್ಲಿ ಈ ಬಗ್ಗೆ ಯಾರ ತಕರಾರೂ ಇರಲಿಲ್ಲ.

ನನಗೆ ಮಾತ್ರ ಅದಕ್ಕೂ ಆರು ತಿಂಗಳು ಹಿಂದಿನ ಒಂದು ಸುದ್ದಿ ಇದಕ್ಕಿಂತ ಮುಖ್ಯ ಅನಿಸುತ್ತದೆ. ಅಳಿಯ ಗೆದ್ದಾಗ ಪಟಾಕಿ ಹೊಡೆದ ನಮ್ಮ ಮಾಧ್ಯಮದವರು ಆ ಸುದ್ದಿಯಿಂದ ಏನಾದರೂ ಕಲಿತಿದ್ದರೆ ಚೆನ್ನಾಗಿತ್ತು.

ವಿಷಯ ಇಷ್ಟು. 2022ರ ಏಪ್ರಿಲ್‌ನಲ್ಲಿ ಸುನಕ್ ಇನ್ನೂ ಹಣಕಾಸು ಸಚಿವರು. ಏಪ್ರಿಲ್ 6ರಂದು ಅಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಅಂತ ಸಂಬಳದಲ್ಲೇ ಹಿಡಿದುಕೊಳ್ಳುವ ದುಡ್ಡು 1.25 ಪರ್ಸೆಂಟೇಜ್ ಪಾಯಿಂಟ್ ಜಾಸ್ತಿ ಆಯಿತು. ಕರೆಂಟು, ಗ್ಯಾಸ್ ಬಿಲ್ಲಿನಲ್ಲಿ ಜನ ಆಗಲೇ ಒದ್ದಾಡುತ್ತಿದ್ದರು. ಅದೇ ದಿನ ಇಂಡಿಪೆಂಡೆಂಟ್ ಪತ್ರಿಕೆ ಒಂದು ಸುದ್ದಿ ಹಾಕಿತು. ಸಚಿವರ ಹೆಂಡತಿ ಅಕ್ಷತಾ ಮೂರ್ತಿ ಅಲ್ಲಿ ‘ನಾನ್-ಡಾಮ್’ ಅಂತ. ಅಂದರೆ ಬ್ರಿಟನ್‌ನಲ್ಲೇ ವಾಸ ಇದ್ದರೂ ಮೂಲ ನೆಲೆ ಬೇರೆ ದೇಶದ್ದು ಅಂತ ಹೇಳಿಕೊಂಡವರು. ಅಂಥವರು ಹೊರದೇಶದಲ್ಲಿ ಬಂದ ಆದಾಯವನ್ನು ಬ್ರಿಟನ್‌ಗೆ ತರದಿದ್ದರೆ ಅದಕ್ಕೆ ಆಗ ಅಲ್ಲಿ ತೆರಿಗೆ ಇರಲಿಲ್ಲ. ಅಲ್ಲೇ ಒಂದಷ್ಟು ವರ್ಷ ಇದ್ದ ಮೇಲೆ ಈ ಸೌಲಭ್ಯಕ್ಕೆ ವರ್ಷಕ್ಕೆ 30,000 ಪೌಂಡ್ ಕಟ್ಟಬೇಕಿತ್ತು, ಅದನ್ನು ಅವರು ಕಟ್ಟುತ್ತಿದ್ದರು. ಇನ್ಫೋಸಿಸ್‌ನಲ್ಲಿ ಅವರದ್ದು ಸುಮಾರು 0.9 ಪರ್ಸೆಂಟ್ ಷೇರು. ಒಂದು ವರ್ಷದ ಡಿವಿಡೆಂಡೇ 1.16 ಕೋಟಿ ಪೌಂಡ್ ಹತ್ತಿರ ಅಂತ ಪತ್ರಿಕೆಗಳು ಲೆಕ್ಕ ಹಾಕಿದವು. ಇದ್ಯಾವುದೂ ಕಾನೂನು ಬಾಹಿರ ಅಲ್ಲ. ಪತ್ರಿಕೆಯೂ ಹಾಗೆ ಹೇಳಲಿಲ್ಲ.

ಒಂದು ತಮಾಷೆ. ಅಲ್ಲಿನ ಕಾನೂನಿನಲ್ಲಿ ಈ ಮೂಲ ನೆಲೆ ಅನ್ನುವುದು ಸಾಮಾನ್ಯವಾಗಿ ಅಪ್ಪನ ಕಡೆಯಿಂದ ಬರುತ್ತದೆ. ಬ್ರಿಟನ್ ಖಜಾನೆಗೆ ಸಿಗದ ದುಡ್ಡಿನ ಜಾಡು ಹಿಡಿದು ಹೊರಟರೆ ಕೊನೆಗೆ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಬಂದು ಇಳಿಯಬೇಕಾಗುತ್ತದೋ ಏನೋ.

ಸುನಕ್‌ಗೆ ಸಿಟ್ಟು ಬಂತು. ನನ್ನ ಮೇಲಿನ ಕೋಪಕ್ಕೆ ನನ್ನ ಹೆಂಡತಿ ಮೇಲೆ ಕೆಸರು ಎರಚುತ್ತಿದ್ದೀರಿ ಅನ್ನುವ ಅರ್ಥದಲ್ಲಿ ಮಾತಾಡಿದರು. ಎರಡೇ ದಿನ. ಏಪ್ರಿಲ್ 8ಕ್ಕೆ ಅಕ್ಷತಾ ಅವರೇ, ಇನ್ನು ಮುಂದೆ ಪ್ರಪಂಚದ ಎಲ್ಲಿಂದ ಆದಾಯ ಬಂದರೂ ಬ್ರಿಟನ್‌ನಲ್ಲಿ ತೆರಿಗೆ ಕಟ್ಟುತ್ತೇನೆ ಅಂದರು. ಅದೇ ವಾರ ಇನ್ನೊಂದು ಹೊರಗೆ ಬಂತು, ಸುನಕ್ ಸಚಿವರಾದ ಮೇಲೂ 2021ರ ಅಕ್ಟೋಬರ್‌ವರೆಗೆ ಅಮೆರಿಕದ ಗ್ರೀನ್ ಕಾರ್ಡ್ ಇಟ್ಟುಕೊಂಡಿದ್ದರು ಅಂತ. ತಮ್ಮ ಲೆಕ್ಕವನ್ನು ಪರಿಶೀಲಿಸಿ ಅಂತ ಅವರೇ ಕೇಳಿಕೊಂಡರು. ಸಚಿವರ ಹಿತಾಸಕ್ತಿ ನೋಡುವ ಸಲಹೆಗಾರರು ತಿಂಗಳ ಕೊನೆಗೆ ನಿಯಮ ಮುರಿದಿಲ್ಲ ಅಂದರು. ಆಮೇಲೆ 2024ರ ಮಾರ್ಚ್ ಬಜೆಟ್‌ನಲ್ಲಿ ಸುನಕ್ ಅವರದೇ ಸರ್ಕಾರ ಈ ನಾನ್-ಡಾಮ್ ಪದ್ಧತಿಯನ್ನೇ ತೆಗೆಯುತ್ತೇವೆ ಅಂತ ಘೋಷಿಸಿತು. 2025ರ ಏಪ್ರಿಲ್ 6ಕ್ಕೆ ಅದು ಹೋಯಿತು.

ಈಗ ನೋಡಿ. ಈ ದಂಪತಿ ಶ್ರೀಮಂತರು ಅನ್ನುವುದು ಬ್ರಿಟನ್‌ನಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯ ಆಗಿರಲಿಲ್ಲ. ಅಂದಮೇಲೆ ಆ ಪತ್ರಿಕೆಯವರು ಹುಡುಕಿದ್ದು ಆಸ್ತಿಯ ಮೊತ್ತವನ್ನಲ್ಲ. ಊರಿಗೆಲ್ಲ ತೆರಿಗೆ ಏರಿಸುವ ಕುರ್ಚಿಯಲ್ಲಿ ಕೂತ ಮನುಷ್ಯನ ಮನೆಗೆ ಆ ತೆರಿಗೆ ಪುಸ್ತಕದ ಯಾವ ಪುಟದಿಂದ ಲಾಭ ಅಂತ ಹುಡುಕಿದರು. ದುಡ್ಡನ್ನೂ ಕುರ್ಚಿಯನ್ನೂ ಒಂದೇ ದಾರದಲ್ಲಿ ಕಟ್ಟಿ ತೋರಿಸಿದರು.

ಇದಕ್ಕಿಂತ ಚೆನ್ನಾದ ಉದಾಹರಣೆ ಆಮೇಲೆ ಬಂತು. ನಮ್ಮಲ್ಲಿ ಅದು ಅಷ್ಟಾಗಿ ಸುದ್ದಿ ಆಗಲಿಲ್ಲ. 2023ರ ಬಜೆಟ್‌ನಲ್ಲಿ ಸುನಕ್ ಸರ್ಕಾರ ಹೊಸದಾಗಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರುವವರಿಗೆ 600 ಪೌಂಡ್ ಪ್ರೋತ್ಸಾಹಧನ ಅಂತ ಇಟ್ಟಿತು. ಏಜೆನ್ಸಿ ಮೂಲಕ ಸೇರಿದರೆ 1,200. ಅಂಥ ಏಜೆನ್ಸಿಗಳಲ್ಲಿ ಒಂದು ಕೋರು ಕಿಡ್ಸ್, ಅದರಲ್ಲಿ ಅಕ್ಷತಾ ಅವರ ಷೇರು ಇತ್ತು. ಸಂಸತ್ತಿನ ಸಮಿತಿ ಮುಂದೆ ಕೇಳಿದಾಗ ಸುನಕ್ ಅದನ್ನು ಹೇಳಲಿಲ್ಲ. ವರದಿಗಾರರು ಬೆನ್ನು ಹತ್ತಿದರು, ವಿಚಾರಣೆ ಆಯಿತು. ಆಗಸ್ಟ್‌ನಲ್ಲಿ ಬಂದ ತೀರ್ಮಾನ, ನಿಯಮ ತಪ್ಪಿದ್ದು ಹೌದು, ಆದರೆ ಗೊತ್ತಿಲ್ಲದೆ ಆದದ್ದು ಅಂತ. ದೊಡ್ಡ ಹಗರಣ ಏನೂ ಅಲ್ಲ. ಆದರೆ ಬಜೆಟ್ ಪುಸ್ತಕದ ಒಂದು ಸಾಲಿನ ಪಕ್ಕದಲ್ಲಿ ಮನೆಯವರ ಷೇರಿನ ಪಟ್ಟಿಯ ಒಂದು ಸಾಲು ಇಟ್ಟು ನೋಡಿದರಲ್ಲ, ಆ ಕೆಲಸ ನನಗೆ ಇಷ್ಟ ಆಯಿತು.

ಹಾಗಂತ ಅಲ್ಲಿನ ಪತ್ರಿಕೆಗಳೆಲ್ಲ ಮಹಾ ಸಂಭಾವಿತರು ಅಂತಲ್ಲ. 2022ರ ಜುಲೈನಲ್ಲಿ ಸುನಕ್ ರಾಜೀನಾಮೆ ಕೊಟ್ಟಾಗ ಮನೆ ಮುಂದೆ ಕಾಯುತ್ತಿದ್ದ ವರದಿಗಾರರಿಗೆ ಅಕ್ಷತಾ ಟೀ, ಬಿಸ್ಕತ್ತು ತಂದುಕೊಟ್ಟರು. ಟೀ ಕುಡಿದವರು ಆಮೇಲೆ ಬರೆದದ್ದು ಏನು ಗೊತ್ತಾ? ಆ ಕಪ್ಪಿನ ಬೆಲೆ ಒಂದಕ್ಕೆ 38 ಪೌಂಡ್ ಅಂತ! ಉಂಡ ಮನೆಯ ಜಂತೆ ಎಣಿಸುವುದು ಅಂತಾರಲ್ಲ, ಪಕ್ಕಾ ಅದೇ.

ನಮ್ಮಲ್ಲಿ ಆಗುವುದು ಮುಕ್ಕಾಲುಪಾಲು ಈ ಕಪ್ಪಿನ ಬೆಲೆಯ ಪತ್ರಿಕೋದ್ಯಮ. ನಾನು ಸುಮ್ನೆ ದೂರದಿಂದ ಕಲ್ಲು ಹೊಡೆಯುತ್ತಿಲ್ಲ. ಈಗ ತಾಲ್ಲೂಕು ಕಚೇರಿ ಹತ್ತಿರ ಜೆರಾಕ್ಸ್, ಆನ್‌ಲೈನ್ ಅರ್ಜಿ, ಪಹಣಿ ಅಂತ ಅಂಗಡಿ ಇಟ್ಟುಕೊಂಡಿದ್ದೇನೆ. ಅದಕ್ಕೂ ಮುಂಚೆ ಕೆಲವು ವರ್ಷ ಒಂದು ದಿನಪತ್ರಿಕೆಗೆ ತಾಲ್ಲೂಕು ವರದಿಗಾರ ಆಗಿದ್ದೆ. ನಾಮಪತ್ರದ ದಿನ ಹೇಗಿರುತ್ತದೆ ಅಂತ ಗೊತ್ತು.

ಬೆಳಿಗ್ಗೆಯಿಂದ ತಮಟೆ, ಕ್ರೇನಿನಲ್ಲಿ ತೂಗುವ ಸೇಬಿನ ಹಾರ, ದೇವಸ್ಥಾನ, ರೋಡ್ ಶೋ. ಮಧ್ಯಾಹ್ನ ರಾಹುಕಾಲ ನೋಡಿಕೊಂಡು ಒಳಗೆ ಹೋಗಿ ನಾಮಪತ್ರ ಕೊಡುತ್ತಾರೆ. ಸಂಜೆಗೆ ನಾಮಪತ್ರದ ಜೊತೆ ಕೊಟ್ಟ ಆಸ್ತಿ ವಿವರದ ಅಫಿಡವಿಟ್ಟಿನ ಪಿಡಿಎಫ್ ವಾಟ್ಸಾಪ್ ಗ್ರೂಪಿಗೆ ಬೀಳುತ್ತದೆ. ಪ್ರತಿ ಪುಟಕ್ಕೂ ನೋಟರಿ ಸೀಲು, ಅರ್ಧ ಅಕ್ಷರ ಸೀಲಿನ ಕೆಳಗೆ ಮುಚ್ಚಿಹೋಗಿರುತ್ತದೆ. ಅಷ್ಟೊತ್ತಿಗೆ ಡೆಸ್ಕಿನಿಂದ ಫೋನು. “ಒಟ್ಟು ಎಷ್ಟಪ್ಪಾ? ಹೆಂಡತಿ ಹತ್ತಿರ ಚಿನ್ನ ಎಷ್ಟು? ಕಾರು ಯಾವುದು? ಬೇಗ ಹಾಕು, ಪೇಜ್ ಹೋಗ್ತಿದೆ.” ನಾವು ನೇರ ಕೊನೆಯ ಸಾರಾಂಶದ ಪುಟಕ್ಕೆ ಹೋಗಿ ಚರ, ಸ್ಥಿರ ಎರಡೂ ಕೂಡಿಸಿ ಕಳಿಸುತ್ತಿದ್ದೆವು. ಬೆಳಿಗ್ಗೆ ‘ಕೋಟಿ ಕುಳ’ ಅಂತಲೋ, ‘ಕೋಟ್ಯಧಿಪತಿಗೆ ಸ್ವಂತ ಕಾರಿಲ್ಲ’ ಅಂತಲೋ ಹೆಡ್ಡಿಂಗು. ಅಲ್ಲಿಗೆ ಆ ಅಫಿಡವಿಟ್ಟಿನ ಆಯಸ್ಸು ಮುಗಿಯಿತು. ಮತ್ತೆ ಅದನ್ನು ತೆಗೆಯುವುದು ಐದು ವರ್ಷ ಆದ ಮೇಲೆ, ‘ಮೂರು ಪಟ್ಟು ಏರಿದ ಆಸ್ತಿ’ ಅಂತ ಇನ್ನೊಂದು ಹೆಡ್ಡಿಂಗ್ ಕೊಡುವುದಕ್ಕೆ.

ನಮ್ಮ ಜಿಲ್ಲೆಯದ್ದೇ ನೋಡಿ. 2023ರಲ್ಲಿ ಗೌರಿಬಿದನೂರಿನಿಂದ ಪಕ್ಷೇತರರಾಗಿ ಗೆದ್ದ ಕೆ.ಎಚ್. ಪುಟ್ಟಸ್ವಾಮಿ ಗೌಡರು ಘೋಷಿಸಿದ ಆಸ್ತಿ ಸುಮಾರು 1,267 ಕೋಟಿ. ದೇಶದ ಅತಿ ಶ್ರೀಮಂತ ಶಾಸಕರ ಪಟ್ಟಿಯಲ್ಲಿ ಆಗ ಡಿ.ಕೆ. ಶಿವಕುಮಾರ್ ಆದ ಮೇಲೆ ಇವರೇ. ಪಕ್ಕದ ಹೊಸಕೋಟೆಯಲ್ಲಿ ಎಂ.ಟಿ.ಬಿ. ನಾಗರಾಜ್ ಅದೇ ಚುನಾವಣೆಗೆ 1,609 ಕೋಟಿ ಘೋಷಿಸಿ ಸೋತರು. ಈ ಅಂಕಿಗಳು ಟೀ ಅಂಗಡಿಯಲ್ಲಿ ಎಲ್ಲರಿಗೂ ಬಾಯಿಪಾಠ. ಇವು ಅವರೇ ಪ್ರಮಾಣ ಮಾಡಿ ಬರೆದುಕೊಟ್ಟ ಲೆಕ್ಕ, ಅದರಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶ ಅಲ್ಲ. ನನ್ನ ತಕರಾರು ಬೇರೆ. ದೊಡ್ಡ ಮೊತ್ತ ಬರೆದವರ ಮೇಲೆ ಎಲ್ಲರ ಕಣ್ಣು, ಕಡಿಮೆ ಬರೆದವರು ಮಾತ್ರ ‘ಸರಳ ಜೀವಿ’ ಅನ್ನಿಸಿಕೊಂಡು ಆರಾಮಾಗಿ ಓಡಾಡುತ್ತಾರೆ. ಅವರ ಹಾಳೆ ತಿರುವಿ ನೋಡುವವರೇ ಇಲ್ಲ. ಹೀಗಿದ್ದ ಮೇಲೆ ಇದ್ದದ್ದು ಇದ್ದ ಹಾಗೆ ಬರೆಯಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ.

ಆ ಹಾಳೆಯಲ್ಲಿ ಏನೇನಿದೆ ಗೊತ್ತಾ? ಫಾರ್ಮ್ 26 ಅಂತ ಅದರ ಹೆಸರು. ಜಮೀನಿನ ಭಾಗ ಒಂದನ್ನೇ ನೋಡಿ. ಸರ್ವೆ ನಂಬರ್, ಎಷ್ಟು ಎಕರೆ ಎಷ್ಟು ಗುಂಟೆ, ಪಿತ್ರಾರ್ಜಿತವಾ ಅಲ್ವಾ, ಕೊಂಡಿದ್ದಾದರೆ ಯಾವ ತಾರೀಖು, ಆಗ ಕೊಟ್ಟ ಬೆಲೆ, ಆಮೇಲೆ ಹಾಕಿದ ದುಡ್ಡು, ಈಗಿನ ಅಂದಾಜು ಬೆಲೆ. ಇದಿಷ್ಟೂ ಸ್ವಂತ, ಗಂಡ ಅಥವಾ ಹೆಂಡತಿ, ಅವಿಭಕ್ತ ಕುಟುಂಬ, ಅವಲಂಬಿತರು ಅಂತ ಬೇರೆ ಬೇರೆ ಕಾಲಂಗಳಲ್ಲಿ. ಸುದ್ದಿ ಆಗುವುದು ಕೊನೆಯ ಸಾಲು, ಈಗಿನ ಬೆಲೆ. ನನ್ನ ಪ್ರಕಾರ ಆ ಪುಟದಲ್ಲಿ ಅತಿ ಕಡಿಮೆ ಉಪಯೋಗದ ಸಾಲು ಅದು. ದೇವನಹಳ್ಳಿ ವಿಮಾನ ನಿಲ್ದಾಣ 2008ರಲ್ಲಿ ಶುರು ಆದ ಮೇಲೆ ಈ ಕಡೆ ತಾತನ ಕಾಲದ ರಾಗಿ ಹೊಲ ಇದ್ದವನೂ ಕಾಗದದ ಮೇಲೆ ಕೋಟ್ಯಧಿಪತಿ ಆಗಿದ್ದಾನೆ. ಅವನು ಏನೂ ಮಾಡಿಲ್ಲ, ಸುಮ್ನೆ ಕೂತಿದ್ದಾನೆ. ಹಾಗಾಗಿ ‘ಮೂರು ಪಟ್ಟು ಏರಿಕೆ’ ಅನ್ನುವುದರಲ್ಲಿ ಬಹಳಷ್ಟು ಸಲ ಹುರುಳೇ ಇರುವುದಿಲ್ಲ.

ನೋಡಬೇಕಾದ್ದು ಕೊಂಡ ತಾರೀಖು. ಒಬ್ಬ ಶಾಸಕರು ಗೆದ್ದ ಮೇಲೆ ಜಮೀನು ಕೊಂಡಿದ್ದಾರೆ ಅಂತ ಇಟ್ಟುಕೊಳ್ಳಿ, ಅದಾಗಿ ಎಷ್ಟು ದಿನಕ್ಕೆ ಆ ಭಾಗಕ್ಕೆ ರಸ್ತೆ ಬಂತು, ಅಥವಾ ಕೈಗಾರಿಕೆಗೆ ಅಂತ ಭೂಸ್ವಾಧೀನದ ನೋಟಿಫಿಕೇಶನ್ ಬಂತು, ಅಥವಾ ಭೂಪರಿವರ್ತನೆ ಆಗಿ ಲೇಔಟ್ ಬಂತು ಅಂತ ಪಕ್ಕ ಪಕ್ಕ ಇಟ್ಟು ನೋಡಬೇಕು, ಆ ಫೈಲು ಓಡಾಡುವಾಗ ಇವರು ಯಾವ ಸಮಿತಿಯಲ್ಲಿದ್ದರು ಅಂತಲೂ ನೋಡಬೇಕು. ಏನೂ ಸಿಗದಿರಬಹುದು. ಸಿಗದಿದ್ದರೆ ಅದೂ ಒಳ್ಳೆಯ ಸುದ್ದಿಯೇ, ಮನುಷ್ಯ ಪ್ರಾಮಾಣಿಕ ಅಂತ ಆಯಿತು. ಸರ್ವೆ ನಂಬರ್ ಕೈಯಲ್ಲಿದ್ದರೆ ಭೂಮಿ ವೆಬ್‌ಸೈಟಿನಲ್ಲಿ ಪಹಣಿ ನೋಡುವುದು ಎಷ್ಟು ಹೊತ್ತಿನ ಕೆಲಸ? ನನ್ನ ಅಂಗಡಿಯಲ್ಲಿ ರೈತರು ಬೆಳೆ ಸಾಲಕ್ಕೆ ಅಂತ ದಿನಾ ತೆಗೆಸಿಕೊಂಡು ಹೋಗುತ್ತಾರೆ. ಶಾಸಕರ ಸರ್ವೆ ನಂಬರ್ ಹಿಡಿದುಕೊಂಡು ಬಂದ ವರದಿಗಾರರನ್ನು ನಾನು ಇನ್ನೂ ನೋಡಿಲ್ಲ.

ಇನ್ನೊಂದು ಸಾಲದ ಕಾಲಂ. ಯಾರಿಂದ ಸಾಲ, ಯಾರಿಗೆ ಸಾಲ ಅಂತ ಹೆಸರು ಸಮೇತ ಬರೆಯಬೇಕು. ಗಂಡನಿಗೆ ಹೆಂಡತಿ ಕೊಟ್ಟ ಸಾಲ, ಅಣ್ಣನ ಮಗನ ಕಂಪನಿಗೆ ಕೊಟ್ಟ ಕೈಸಾಲ, ಹೀಗೆ ಇರುತ್ತವೆ. ಅಲ್ಲಿ ಬರುವ ಹೆಸರುಗಳಲ್ಲಿ ಎಷ್ಟು ಜನ ತಾಲ್ಲೂಕಿನ ಕಂಟ್ರಾಕ್ಟರುಗಳು ಅಂತ ಊರಿನ ವರದಿಗಾರನಿಗೆ ಬಿಟ್ಟರೆ ಬೆಂಗಳೂರಿನ ಡೆಸ್ಕಿಗೆ ಹೇಗೆ ಗೊತ್ತಾಗಬೇಕು? ಆಮೇಲೆ ಆದಾಯದ ಮೂಲ ಅನ್ನುವ ಕಡೆ ‘ಕೃಷಿ’ ಅಂತ ಒಂದೇ ಪದ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಎಷ್ಟು ಎಕರೆಯಲ್ಲಿ ಏನು ಬೆಳೆದಿರಿ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ರೇಷ್ಮೆ, ದ್ರಾಕ್ಷಿ, ಹೂವು ಬೆಳೆಯುವವರ ಪಾಡು ನಮಗೆಲ್ಲ ಗೊತ್ತಿದೆ ಅಲ್ವಾ. ಗೂಡಿನ ರೇಟು ಬಿದ್ದ ವರ್ಷವೂ ಹಿಪ್ಪುನೇರಳೆ ತೋಟದಿಂದ ಲಕ್ಷ ಲಕ್ಷ ತೆಗೆದವರು ಇದ್ದರೆ ಅದರ ಗುಟ್ಟನ್ನು ನಮ್ಮ ರೈತರಿಗೂ ಸ್ವಲ್ಪ ಹೇಳಿಕೊಡಲಿ.

ಈ ಹಾಳೆ ತಾನಾಗಿ ಬಂದದ್ದಲ್ಲ. ಅಭ್ಯರ್ಥಿಗಳು ಆಸ್ತಿ ವಿವರ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದಾಗ ಪಾರ್ಲಿಮೆಂಟು ಕಾನೂನು ತಂದು ಅದನ್ನು ತಪ್ಪಿಸಲು ನೋಡಿತು, 2003ರಲ್ಲಿ ಕೋರ್ಟು ಆ ಭಾಗವನ್ನು ಹೊಡೆದು ಹಾಕಿತು. ಆದಾಯದ ಮೂಲವನ್ನೂ ಹೇಳಬೇಕು ಅಂತ ಆದದ್ದು 2018ರ ತೀರ್ಪಿನಲ್ಲಿ. ಸುಳ್ಳು ಬರೆದರೆ ಆರು ತಿಂಗಳವರೆಗೆ ಜೈಲು ಅಂತ ಕಾನೂನಿದೆ. ಇಷ್ಟು ಕಷ್ಟಪಟ್ಟು ಪಡೆದ ಹಾಳೆಯನ್ನು ನಾವು ಒಂದು ಸಂಜೆಯ ಹೆಡ್ಡಿಂಗಿಗೆ ಖರ್ಚು ಮಾಡಿ ಬಿಸಾಕುತ್ತೇವೆ. ಹಾಸನದಲ್ಲಿ 2019ರ ಲೋಕಸಭಾ ಚುನಾವಣೆಯಲ್ಲಿ ಪ್ರಜ್ವಲ್ ರೇವಣ್ಣ ಗೆದ್ದದ್ದನ್ನು ಆಸ್ತಿ ವಿವರದ ಕಾರಣಕ್ಕೆ 2023ರ ಸೆಪ್ಟೆಂಬರ್ 1ರಂದು ಹೈಕೋರ್ಟ್ ಅನೂರ್ಜಿತ ಮಾಡಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಆ ಮಾತು ಬೇರೆ. ಆದರೆ ಕೋರ್ಟಿಗೆ ಹೋಗಿದ್ದು ಯಾರು? ಸೋತ ಅಭ್ಯರ್ಥಿ ಮತ್ತು ಒಬ್ಬ ವಕೀಲರು. ನಮ್ಮ ಕಡೆಯವರು ತೀರ್ಪು ಬಂದ ದಿನ ಮೈಕ್ ಹಿಡಿದುಕೊಂಡು ಓಡಿದರು.

ಎಲ್ಲಿಯವರೆಗೆ ಕೆದಕಬಹುದು ಅನ್ನುವ ಪ್ರಶ್ನೆಯೂ ಇದೆ. 2024ರ ಏಪ್ರಿಲ್‌ನಲ್ಲಿ ಅರುಣಾಚಲದ ಒಬ್ಬ ಶಾಸಕರ ಕೇಸು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನ ಆಯಿತು. ಮನೆಯವರ ಹೆಸರಿನಲ್ಲಿದ್ದ ಒಂದು ಸ್ಕೂಟಿ, ಒಂದು ಓಮ್ನಿ, ಒಂದು ಬೈಕು ತೋರಿಸಿಲ್ಲ ಅಂತ ತಕರಾರು. ಕೋರ್ಟು ಒಪ್ಪಲಿಲ್ಲ. ಬಟ್ಟೆ, ಚಪ್ಪಲಿ, ಪಾತ್ರೆ ಎಲ್ಲ ಬರೆಯಬೇಕಿಲ್ಲ, ಅಭ್ಯರ್ಥಿಗೂ ಖಾಸಗಿ ಬದುಕು ಇದೆ ಅಂತ ಹೇಳಿತು. ಆದರೆ ಭಾರಿ ಬೆಲೆಯ ವಾಚುಗಳಾದರೆ ಮುಚ್ಚಿಡುವ ಹಾಗಿಲ್ಲ ಅಂತ ಅದೇ ತೀರ್ಪಿನಲ್ಲಿದೆ. ವಾಚು ಅಂದ ತಕ್ಷಣ ನಮಗೆ 2016 ನೆನಪಾಗುತ್ತದೆ, ಸಿದ್ದರಾಮಯ್ಯನವರ ಹುಬ್ಲೋ. ಸ್ನೇಹಿತರು ಕೊಟ್ಟ ಉಡುಗೊರೆ ಅಂದರು, ಕೊನೆಗೆ ಸ್ಪೀಕರ್ ಕೈಗೆ ಒಪ್ಪಿಸಿದರು. ಮುಖ್ಯಮಂತ್ರಿಗೆ ಅಷ್ಟು ದುಬಾರಿ ಉಡುಗೊರೆ ಯಾಕೆ ಬರುತ್ತದೆ ಅನ್ನುವುದು ಕೇಳಲೇಬೇಕಾದ ಪ್ರಶ್ನೆ. ಟಿವಿಯವರಿಗೆ ಮಾತ್ರ ಅದರಲ್ಲಿ ವಜ್ರ ಎಷ್ಟಿದೆ ಅನ್ನುವುದರ ಮೇಲೇ ಪ್ರೀತಿ ಜಾಸ್ತಿ.

ಮನೆ ಹೆಣ್ಣುಮಕ್ಕಳ ಹೆಸರು ಎಳೆಯಬಾರದು ಅನ್ನುವವರೂ ಇದ್ದಾರೆ. ಚಿನ್ನದ ಗ್ರಾಂ ಲೆಕ್ಕ ಹಾಕಿ ಬಾಕ್ಸ್ ಐಟಂ ಮಾಡುವುದು ನನಗೂ ಹಿಡಿಸುವುದಿಲ್ಲ. ಆದರೆ ಹೆಂಡತಿ ಹೆಸರಿನಲ್ಲಿ ಕ್ರಷರ್ ಇದ್ದು, ಗಂಡ ಗಣಿ ಪರವಾನಗಿ ಬಗ್ಗೆ ಸದನದಲ್ಲಿ ಮಾತಾಡಿದರೆ ಅದು ಖಾಸಗಿ ಅಲ್ಲ. ಸುನಕ್ ವಿಷಯದಲ್ಲಿ ನಾನು ಷೇರಿನ ಸುದ್ದಿ ಸರಿ, ಕಪ್ಪಿನ ಸುದ್ದಿ ತಪ್ಪು ಅನ್ನುವುದು ಇದೇ ಲೆಕ್ಕದಲ್ಲಿ.

ಯಾಕೆ ಇಲ್ಲಿ ಯಾರೂ ಕೇಳುವುದಿಲ್ಲ ಅಂದರೆ, ವರದಿಗಾರರಿಗೆ ಬುದ್ಧಿ ಇಲ್ಲ ಅಂತಲ್ಲ. ಬೇಕಾದಷ್ಟಿದೆ. ಆದರೆ ತಾಲ್ಲೂಕು ವರದಿಗಾರನಿಗೆ ಬರುವ ಗೌರವಧನ ಪೆಟ್ರೋಲಿಗೂ ಸಾಕಾಗುವುದಿಲ್ಲ. ಉಳಿದದ್ದು ಜಾಹೀರಾತಿನ ಕಮಿಷನ್ನು. ಯುಗಾದಿ ಪುರವಣಿ, ಆಗಸ್ಟ್ 15ರ ಪುರವಣಿ, ರಾಜ್ಯೋತ್ಸವದ ಪುರವಣಿ, ಒಂದೊಂದಕ್ಕೂ ಟಾರ್ಗೆಟ್. ತಾಲ್ಲೂಕಿನಲ್ಲಿ ಅರ್ಧ ಪುಟದ ಜಾಹೀರಾತು ಕೊಡುವ ಶಕ್ತಿ ಇರುವವರು ಯಾರು? ಶಾಸಕರು, ಮಾಜಿ ಶಾಸಕರು, ಮುಂದೆ ಶಾಸಕರಾಗಬೇಕು ಅಂದುಕೊಂಡಿರುವವರು, ಅವರ ಅಭಿಮಾನಿ ಬಳಗ. ಸಾಹೇಬರ ಹುಟ್ಟುಹಬ್ಬಕ್ಕೆ ಶುಭಾಶಯ ಕೋರುವ ಅದೇ ಕಂಟ್ರಾಕ್ಟರ ಹೆಸರು ಅಫಿಡವಿಟ್ಟಿನ ಸಾಲದ ಕಾಲಂನಲ್ಲೂ ಇದ್ದರೆ, ವರದಿಗಾರ ಯಾವ ಬಾಯಲ್ಲಿ ಕೇಳಬೇಕು? ನಾನಿದ್ದ ಪತ್ರಿಕೆಯಲ್ಲಿ ಒಮ್ಮೆ ಹೀಗೇ ಜಮೀನಿನ ತಾರೀಖಿನ ಬಗ್ಗೆ ಬರೆದು ಕಳಿಸಿದ್ದೆ. ಅದು ಪ್ರಿಂಟ್ ಆಗಲಿಲ್ಲ. “ಈಗ ಬೇಡ, ಪುರವಣಿ ಮುಗೀಲಿ” ಅಂದರು. ಪುರವಣಿ ಮುಗಿಯಿತು, ಇನ್ನೊಂದು ಪುರವಣಿ ಬಂತು. ಆಮೇಲೆ ನಾನು ಜೆರಾಕ್ಸ್ ಮಿಷನ್ ತಂದೆ.

ಬ್ರಿಟನ್‌ನವರೂ ಏನು ಎಲ್ಲ ಬಿಚ್ಚಿಟ್ಟವರಲ್ಲ. ಸುನಕ್ ತಮ್ಮ ತೆರಿಗೆ ಲೆಕ್ಕ ಬಿಡುಗಡೆ ಮಾಡಿದ್ದು 2023ರ ಮಾರ್ಚ್ 22ಕ್ಕೆ, ಮಾಜಿ ಪ್ರಧಾನಿ ಬೋರಿಸ್ ಜಾನ್ಸನ್ ಲಾಕ್‌ಡೌನ್ ಕಾಲದ ಮೋಜಿನ ಪಾರ್ಟಿಗಳ ಹಗರಣದ ಬಗ್ಗೆ ಸಂಸದರ ಸಮಿತಿ ಮುಂದೆ ಕೂತು ಉತ್ತರ ಕೊಡುತ್ತಿದ್ದ ದಿನವೇ. ಎಲ್ಲ ಕ್ಯಾಮೆರಾ ಆ ಕಡೆ ಇದ್ದಾಗ ಇದು ಮೆಲ್ಲಗೆ ಹೊರಬಂತು. ಪೂರ್ತಿ ರಿಟರ್ನ್ಸ್ ಅಲ್ಲ, ಬರೀ ಸಾರಾಂಶ. ಮೂರು ವರ್ಷಕ್ಕೆ 10 ಲಕ್ಷ ಪೌಂಡಿಗೂ ಜಾಸ್ತಿ ತೆರಿಗೆ ಕಟ್ಟಿದ್ದರು. ಪತ್ರಿಕೆಗಳು ಆ ಮೊತ್ತಕ್ಕೆ ಬಾಯಿ ಬಿಡಲಿಲ್ಲ, ಆದಾಯಕ್ಕೆ ಹೋಲಿಸಿ ದರ ತೆಗೆದವು, ಸುಮಾರು 22 ಪರ್ಸೆಂಟ್. ಆದಾಯದ ಬಹುಪಾಲು ಹೂಡಿಕೆಯ ಲಾಭ, ಅದಕ್ಕೆ ಸಂಬಳದ ಆದಾಯಕ್ಕಿಂತ ಕಡಿಮೆ ತೆರಿಗೆ. ದುಡಿದು ಸಂಬಳ ತೆಗೆದುಕೊಳ್ಳುವವರಿಗಿಂತ ಇವರಿಗೆ ಯಾಕೆ ಕಡಿಮೆ ಅಂತ ಮರುದಿನ ಚರ್ಚೆ ಶುರು ಆಯಿತು. ಕ್ಯಾಮೆರಾ ಇಲ್ಲದಿದ್ದರೂ ಕ್ಯಾಲ್ಕುಲೇಟರ್ ಇತ್ತು.

ನಮ್ಮಲ್ಲಿ ಚುನಾವಣೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಕರ್ನಾಟಕ ಲೋಕಾಯುಕ್ತ ಕಾಯ್ದೆ, 1984ರ 22ನೇ ಸೆಕ್ಷನ್ ಪ್ರಕಾರ ಶಾಸಕರು ಪ್ರತಿ ವರ್ಷ ಜೂನ್ 30ರ ಒಳಗೆ ತಮ್ಮ ಮತ್ತು ಕುಟುಂಬದ ಆಸ್ತಿ, ಸಾಲದ ವಿವರ ಲೋಕಾಯುಕ್ತಕ್ಕೆ ಕೊಡಬೇಕು. ಕೊಡದೇ ಇದ್ದರೆ, ಆ ಬಗ್ಗೆ ಲೋಕಾಯುಕ್ತದವರು ವರದಿ ಕಳಿಸಿದ ಮೇಲೂ ಕೊಡದೇ ಇದ್ದರೆ, ಅವರ ಹೆಸರನ್ನು ಪತ್ರಿಕೆಗಳಲ್ಲಿ ಹಾಕಿಸಬಹುದು. ಆಮೇಲೆ ‘ವಿವರ ಸಲ್ಲಿಸದ ಶಾಸಕರು’ ಅಂತ ಒಂದು ಪಟ್ಟಿ ಬರುತ್ತದೆ. ಸಲ್ಲಿಸಿದವರು ಏನು ಬರೆದಿದ್ದಾರೆ, ಅಫಿಡವಿಟ್ಟಿಗೂ ಅದಕ್ಕೂ ತಾಳೆ ಆಗುತ್ತದಾ ಅಂತ ಕೇಳುವ ಗೋಜಿಗೆ ನಾವು ಹೋಗುವುದಿಲ್ಲ.

ಹೋದ ವಾರ ನನ್ನ ಅಂಗಡಿಗೆ ಒಬ್ಬ ಹುಡುಗ ಬಂದಿದ್ದ. ಹೊಸದಾಗಿ ಯೂಟ್ಯೂಬ್ ಚಾನೆಲ್ ಮಾಡಿದ್ದಾನೆ, ಊರಿನ ಸುದ್ದಿ ಹಾಕುತ್ತಾನೆ. ಪ್ರೆಸ್ ಕಾರ್ಡ್ ಲ್ಯಾಮಿನೇಷನ್ ಮಾಡಿಸಲು ಬಂದವನನ್ನು ಕೂರಿಸಿಕೊಂಡು ಚುನಾವಣಾ ಆಯೋಗದ ವೆಬ್‌ಸೈಟಿನಿಂದ ಒಂದು ಅಫಿಡವಿಟ್ ತೆಗೆದು, ಜಮೀನಿನ ಪುಟ ತೋರಿಸಿ, ಅದರಲ್ಲಿದ್ದ ಒಂದು ಸರ್ವೆ ನಂಬರಿಗೆ ಪಹಣಿ ತೆಗೆದು ಪಕ್ಕದಲ್ಲಿಟ್ಟೆ. ಯಾರದ್ದು ಅಂತ ಇಲ್ಲಿ ಬೇಡ, ಎರಡೂ ತಾಳೆ ಆದವು ಅಂತ ಮಾತ್ರ ಹೇಳುತ್ತೇನೆ. ಹುಡುಗ ಬಗ್ಗಿ ಬಗ್ಗಿ ನೋಡಿದ. “ಅಣ್ಣಾ, ಇಷ್ಟೆಲ್ಲಾ ಇದರಲ್ಲಿ ಇರುತ್ತಾ?” ಅಂದ. ಎಲ್ಲ ಪುಟ ಪ್ರಿಂಟ್ ಹಾಕಿಕೊಡಿ ಅಂದ. ಮೂವತ್ತು ಚಿಲ್ಲರೆ ಪುಟ ಆಯಿತು. ದುಡ್ಡು ಬೇಡ ಅಂದೆ, ಕೇಳಲಿಲ್ಲ, ಫೋನ್ ಪೇ ಮಾಡಿಯೇ ಹೋದ.